ಹಿಮ್ಮಡಿಯ ಬಿರುಕಿನ ಕಾಳು

ಚುಚ್ಚುತ್ತಿದೆ, ಎಡಗಾಲಿನ ಹಿಮ್ಮಡಿಯ ಬಿರುಕಿನಲ್ಲಿ ಸಿಕ್ಕಿಸಿಕೊಂಡ ಜೋಳದ ಕಾಳು, ಹಲಗೆಗೂ ಚರ್ಮಕ್ಕೂ ನಡುವೆ ಕೂತು ಚುಚ್ಚುತ್ತಿದೆ, ಚುಚ್ಚಲಿ, ಈ ಮನೆಯಲ್ಲಿ ಒಂದು ಕಾಳಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಲಿ — ಬಸಗೊಂಡ ಮೊಣಕಾಲು ಮಡಿಸಿ ಇನ್ನಷ್ಟು ಕೆಳಗಿಳಿಯುತ್ತಾನೆ, ತೊಡೆ ಬಂದು ಮೀನಖಂಡದ ಮೇಲೆ ಕೂರುತ್ತದೆ, ಎದುರಿಗೆ ಚಾಪೆಯ ಮೇಲೆ ಸ್ಟೇಷನ್ ರಸ್ತೆಯ ಅಂಗಡಿಕಾರರ ಸಾಲು, ಅವರ ಹೊಟ್ಟೆಗಳು ಅವರವರ ತೊಡೆಗಳೊಡನೆ ಜಗಳಕ್ಕೆ ಬಿದ್ದಿವೆ, ಅರಿವೆ ಅಂಗಡಿಯವನ ಮುಖ ಆಗಲೇ ಕೆಂಪಾಗಿದೆ, ಹಿಂದಿನಿಂದ ಗುರುಗಳು ಗುರುಪಾದಯ್ಯ ಅಜ್ಜಾರ ದನಿ, ಸಂಕ್ರಮಣದ ಚಳಿಗೆ ಗಂಟಲು ಕಟ್ಟಿಕೊಂಡಿದೆ, ಎರಡೂ ಪಾದ ಜೋಡಸ್ರಿ, ಹೆಬ್ಬೆರಳಿಗೆ ಹೆಬ್ಬೆರಳ ಹತ್ತಿರಲಿ, ಮೊಣಕಾಲ ಅಷ್ಟ ಅಗಲ ಮಾಡ್ರಿ, ಹಿಮ್ಮಡ ನೆಲಾ ಬಿಡಬಾರ್ದ ನೋಡ್ರಿ, ಹಿಮ್ಮಡ ಎದ್ದರ ಅದು ಮಾಲಾಸನ ಅಲ್ಲ, ಬರೇ ಕುಕ್ಕರಗಾಲು, ನಮ್ಮ ಬಸಗೊಂಡನ ಹಂಗ ಹಲಗಿ ಬೇಕಾದವ್ರು ಹಲಗಿ ತಗೋರಿ, ಅದರಾಗ ನಾಚಿಕಿ ಏನೈತಿ — ನಗುತ್ತಾರೆ, ಪ್ರೀತಿಯಿಂದಲೇ ನಗುತ್ತಾರೆ, ಹಲಗಿ ಬಸಗೊಂಡ ಎಂದೇ ಈ ಓಣಿಯಲ್ಲಿ ಅವನ ಹೆಸರು, ಹಾಲು ಹಾಕುವವಳಿಗೂ ಅದೇ ಗೊತ್ತು, ನಿನ್ನೆಯವರೆಗೆ ಅವನೂ ಆ ಹೆಸರಿಗೆ ಓ ಎನ್ನುತ್ತಿದ್ದ. ನಿನ್ನೆಯವರೆಗೆ ಅವನು ಎಂಥದಕ್ಕೆಲ್ಲ ಓ ಎಂದಿದ್ದಾನೆ.

ಕುಕ್ಕರಗಾಲು, ಬರೇ ಕುಕ್ಕರಗಾಲು ಅಂತೆ, ಅಷ್ಟಾದರೂ ಸಿಕ್ಕಿದ್ದರೆ ಸಾಕಿತ್ತಲ್ಲ, ಅದಕ್ಕೆಂದೇ ಬಂದವನಲ್ಲವೇ ಅವನು, ಯುದ್ಧ ಸುರುವಾದ ವರ್ಷ, ಬಬಲೇಶ್ವರದ ದಾರಿಯಲ್ಲಿ ಜೋಳದ ಚೀಲ ಹೇರಿದ ಗಾಡಿ ಮಗುಚಿ, ಗಾಲಿ ಎಡಗಾಲಿನ ಹರಡಿನ ಮೇಲೆ ಹಾದು — ಎತ್ತುಗಳಿಗೆ ಏನೂ ಆಗಲಿಲ್ಲ, ದೇವರ ದಯೆ ಎಂದರು ಎಲ್ಲರೂ, ಅವನು ಚೀಲದ ಕೆಳಗಿನಿಂದ ಕೇಳಿಸಿಕೊಂಡ — ಬಿದಿರ ದಬ್ಬೆ ಕಟ್ಟಿದರು, ಎಲುಬು ಕೂಡಿತು, ನಡಿಗೆ ಬಂತು, ಓಟ ಬಂತು, ಆದರೆ ಪಾದ ಮಾತ್ರ ಮೇಲಕ್ಕೆ ಮಡಿಯದು, ಕೂತರೆ ಎಡ ಹಿಮ್ಮಡಿ ಎದ್ದು ನಿಲ್ಲುವುದು, ಹಿಂದಕ್ಕೆ ಉರುಳುವುದು. ಕುಕ್ಕರಗಾಲಲ್ಲಿ ಕೂಡಲಾರದವನು ಬಬಲೇಶ್ವರದಲ್ಲಿ ಯಾವ ಲೆಕ್ಕಕ್ಕೂ ಇಲ್ಲ, ಚಾವಡಿಯ ಮುಂದೆ ಬೀಡಿ ಸೇದುವವರು ಹಾಗೆ ಕೂತಿರುತ್ತಾರೆ, ಒಡ್ಡಿನ ಮೇಲೆ ರೊಟ್ಟಿ ಬಿಚ್ಚುವವರು ಹಾಗೆ, ಹೆಣ್ಣು ಕೊಡುವ ಮಾತು ಆಡುವವರು ಹಾಗೆ, ಮೋಟಾರಿನ ದಾರಿ ಕಾಯುವವರು ಹಾಗೆ, ನಡುವೆ ಇವನೊಬ್ಬ ಹೊಲದಲ್ಲಿ ನೆಟ್ಟ ಬೆದರುಗೊಂಬೆ, ಮಾತೆಲ್ಲ ಇವನ ಮೊಣಕಾಲಿನ ಎತ್ತರದಲ್ಲಿ ನಡೆಯುವುದು, ಬಯಲಿಗೆ ಹೋಗಬೇಕಾದರೂ ಇಳಿಜಾರು ಹುಡುಕಬೇಕು, ಗೆಳೆಯರು ಅದನ್ನೂ ಬಿಡಲಿಲ್ಲ, ಬಸಗೊಂಡನ ಒಡ್ಡು ಎಂದು ಆ ಜಾಗಕ್ಕೆ ಹೆಸರಿಟ್ಟರು. ಆಗ ಅವ್ವ ಲಕ್ಕವ್ವನೇ ಇಲ್ಲಿಗೆ ಕರೆತಂದಳು, ವಿಜಾಪುರದಾಗ ಆಸನಾ ಕಲಸೂ ಅಜ್ಜಾರ ಅದಾರಂತ, ಮುರದ ಕಾಲೂ ಬಾಗಸ್ತಾರಂತ, ನಡಿ ಮಗನ, ಎಂದು ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಬಂದಳು.

ಈಗ ಮುಂದಕ್ಕ ಬಾಗ್ರಿ, ಉಸರ ಬಿಟಗೋತ, ಎದಿ ತೊಡಿ ನಡುವ ಇಳೀಲಿ, ಅವಸರಾ ಬ್ಯಾಡ, ಇಳಿಯೂದು ಭೂಮಿ ಕಡೆ, ಯಾರಿಗೂ ತಪ್ಪಿದ್ದಲ್ಲ — ಮತ್ತೆ ನಗು, ಈ ಮಾತಿಗೆ ಎಲ್ಲಿ ನಗಬೇಕೆಂದು ಎಲ್ಲರಿಗೂ ರೂಢಿಯಾಗಿದೆ — ಕೈ ಮೊಣಕಾಲ ಹೊರಗಿಂದ ಸುತ್ತಿ ಬೆನ್ನ ಹಿಂದ ತರ್ರಿ, ಬೆರಳಿಗೆ ಬೆರಳ ಹೆಣಿರಿ, ಅದ ಹಾರ, ನಿಮ್ಮ ಕೈನ ನಿಮಗ ಹಾರ — ಬಸಗೊಂಡನ ಕೈಗಳು ತಾವೇ ಹೋಗಿ ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಅವಕ್ಕೆ ಹೇಳಬೇಕಾಗಿಲ್ಲ, ತಲೆ ಇಳಿಯುತ್ತದೆ, ಕಣ್ಣ ಮುಂದೆ ನೆಲ, ನಿನ್ನೆ ಅವನೇ ಸಾರಿಸಿದ ಸೆಗಣಿಯ ನೆಲ, ಒಂದು ಇರುವೆ ಎಳ್ಳಿನ ಚೂರು ಎಳೆದುಕೊಂಡು ಹೋಗುತ್ತಿದೆ, ತನ್ನ ಹೆಬ್ಬೆರಳು ಕಾಣುತ್ತದೆ, ಉಗುರು ಕಾಣುತ್ತದೆ, ಹಿಮ್ಮಡಿ ಕಾಣುವುದಿಲ್ಲ. ಈ ಆಸನದಲ್ಲಿ ಕೂತವನಿಗೆ ತನ್ನ ಹಿಮ್ಮಡಿ ಎಂದೂ ಕಾಣುವುದಿಲ್ಲ, ಅದಕ್ಕೇ ಗುರು ಬೇಕು, ನಿನ್ನ ಹಿಮ್ಮಡಕ್ಕ ನಾನ ಕಣ್ಣು ಎಂದು ಮೊದಲ ದಿನವೇ ಅಜ್ಜಾರು ಹೇಳಿದ್ದರು, ಎಂಥಾ ಮಾತು ಎಂದು ಅವ್ವ ಅಲ್ಲೇ ಕಣ್ಣೀರು ತಂದುಕೊಂಡು ಅವರ ಪಾದಕ್ಕೆ ಬಿದ್ದಳು.

ಗೂಟಕ್ಕೆ ಚೆಂಡುಹೂವಿನ ಹಾರ ತೂಗುತ್ತಿದೆ, ಕಾಣದಿದ್ದರೂ ವಾಸನೆ ಬರುತ್ತಿದೆ, ಬೆಳಿಗ್ಗೆ ಅವನೇ ಕೂತು ಪೋಣಿಸಿದ್ದು, ಪ್ರತಿ ಸಂಕ್ರಮಣಕ್ಕೂ ಅವನೇ ಪೋಣಿಸುವುದು, ಇದು ಈ ಮನೆಯ ಪದ್ಧತಿ: ವರ್ಷವಿಡೀ ಕಾಲು ಬಾಗಿಸಿದವನು ಸಂಕ್ರಮಣದ ಬೆಳಿಗ್ಗೆ ಹಲಗೆಯಿಲ್ಲದೆ ಮಾಲಾಸನದಲ್ಲಿ ಕೂತು ಎರಡೂ ಹಿಮ್ಮಡಿ ನೆಲಕ್ಕೆ ಮುಟ್ಟಿಸಿದರೆ ಅಜ್ಜಾರು ಹಾರ ತೆಗೆದು ಕೊರಳಿಗೆ ಹಾಕುತ್ತಾರೆ, ಅಂದಿನಿಂದ ಅವನು ಸ್ವತಂತ್ರ, ತನ್ನ ಊರಿಗೆ ಹೋಗಿ ತಾನೇ ಆಸನ ಕಲಿಸಬಹುದು, ಮದುವೆಯಾಗಬಹುದು, ಅಲ್ಲಿಯವರೆಗೆ ಬ್ರಹ್ಮಚರ್ಯ, ಗುರುಸೇವೆ, ನೀರು, ಕಟ್ಟಿಗೆ, ರೊಟ್ಟಿ, ಕಾಲು ಒತ್ತುವುದು. ಯಾರೂ ಮುಟ್ಟಿಸದಿದ್ದರೆ ಹಾರ ಸಂಜೆಗೆ ಕಟ್ಟೆಯ ಕಲ್ಲುಬಸವಣ್ಣನಿಗೆ, ಆ ಬಸವಣ್ಣನಿಗೆ ಇಷ್ಟು ವರ್ಷದಲ್ಲಿ ಎಷ್ಟು ಹಾರ ಬಿದ್ದವೋ, ಅವನಂತೂ ಕಾಲು ಮಡಿಸಿಕೊಂಡೇ ಹುಟ್ಟಿದವನು, ಯಾವ ಹಲಗೆಯೂ ಬೇಕಾಗಲಿಲ್ಲ. ಹಾರದ ಜೊತೆಗೇ ಇನ್ನೊಂದು ಪದ್ಧತಿ, ಹಲಗೆಯದು, ಹಿಮ್ಮಡಿ ಎದ್ದವನ ಹಿಮ್ಮಡಿಯ ಕೆಳಗೆ ಬೇವಿನ ಹಲಗೆ, ಹಲಗೆ ಒಂದು ವರ್ಷ ಬೆವರು ಕುಡಿಯುತ್ತದೆ, ಬೆವರಿನ ಜೊತೆ ಕಾಲಿನ ದೋಷವನ್ನೂ ಕುಡಿಯುತ್ತದೆ, ಆದ್ದರಿಂದ ಸಂಕ್ರಮಣದ ನಸುಕಿನಲ್ಲಿ ಹಳೆಯ ಹಲಗೆಯನ್ನು ಬಚ್ಚಲೊಲೆಗೆ ಇಟ್ಟು ಅದರ ಉರಿಯಲ್ಲಿ ಕಾಸಿದ ನೀರು ಗುರುಗಳ ಮೈಗೆ, ಹೊಸ ಹಲಗೆ ಬಟ್ಟೆಯಲ್ಲಿ ಸುತ್ತಿಕೊಂಡು ಟಿಕೋಟಾದಿಂದ ಬರುತ್ತದೆ, ವಿಭೂತಿ ಹಚ್ಚಿ ಅಜ್ಜಾರೇ ಹಾಸುತ್ತಾರೆ. ಹಳೆಯದೂ ಹೊಸದೂ ಒಂದನ್ನೊಂದು ಎಂದೂ ನೋಡಿಲ್ಲ. ಒಂದು ಬೂದಿಯಾದ ಮೇಲೆಯೇ ಇನ್ನೊಂದರ ಬಟ್ಟೆ ಬಿಚ್ಚುವುದು, ಇದರಲ್ಲಿ ಅವನಿಗೆ ಎಂದೂ ಏನೂ ತೋರಿರಲಿಲ್ಲ, ಅವನೇ ಒಲೆಯ ಬಾಯಲ್ಲಿ ಊದಿ ಊದಿ ಸುಟ್ಟಿದ್ದ.

ನಿನ್ನೆ ಟಿಕೋಟಾಕ್ಕೆ ಹೋಗದೆ ಇದ್ದಿದ್ದರೆ — ಹೋದದ್ದು ಹಲಗೆಗಲ್ಲ, ಹಬ್ಬಕ್ಕೆ ಭಕ್ತರೊಬ್ಬರು ಕೊಡುವ ಎಳ್ಳು, ಸಜ್ಜಿ ತರಲಿಕ್ಕೆ, ಹಲಗೆ ಎಂದಿನಂತೆ ಗಾಡಿಯವನ ಕೈಯಲ್ಲಿ ಬರುವುದಿತ್ತು — ಇದ್ದಿಲಿನ ಹೊಗೆಯಿಂದ ಓಡುವ ಮೋಟಾರು ಬಸ್ಸು ಕೆಮ್ಮುತ್ತಾ ಕೆಮ್ಮುತ್ತಾ ಟಿಕೋಟಾ ಮುಟ್ಟಿತು, ಇಳಿದು ಬಡಗಿ ಮಲ್ಲಿಕಸಾಬನ ಮನೆಯ ಮುಂದೆ ಹಾದರೆ ಅವನು ಬೇವಿನ ನೆರಳಿನಲ್ಲಿ ಕೂತಿದ್ದ, ಕುಕ್ಕರಗಾಲಲ್ಲೇ, ಮುದುಕ, ಎರಡೂ ಹಿಮ್ಮಡಿ ನೆಲಕ್ಕೆ ಅಂಟಿಕೊಂಡಿವೆ, ಮೊಣಕಾಲ ನಡುವೆ ಮರ, ಕೈಯಲ್ಲಿ ಕೀಸುಳಿ, ಸುತ್ತ ಸುರುಳಿ ಸುರುಳಿ ಸಿಪ್ಪೆ. ಏ ಬಸಗೊಂಡ, ಬಾರೋ ಇಲ್ಲೆ, ಛಲೋ ಆತ ಬಂದಿದ್ದು, ನಿನ್ನ ಹಲಗಿ ತಯಾರ ಐತಿ, ಒಯ್ಯಿ, ಗಾಡಿಯವ್ನ ದಾರಿ ಯಾಕ ಕಾಯಬೇಕು. ನಮಸ್ಕಾರ ಕಾಕಾ, ಎಂದ ಇವನು, ನಿಂತೇ. ಮಲ್ಲಿಕಸಾಬ ಹಲಗೆಯನ್ನು ಒಮ್ಮೆ ಊದಿದ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ, ಪಕ್ಕದ ಮೊರದಿಂದ ಒಂದು ಜೋಳದ ಕಾಳು ತೆಗೆದು ಹಲಗೆಯ ಅಂಚಿಗೆ ಇಟ್ಟ, ಬಿಳಿಜೋಳ, ದುಂಡಗೆ, ನೋಡು, ಇಷ್ಟ, ಒಂದ ಕಾಳು, ಹೋದ ವರ್ಷದ್ದಕ್ಕಿಂತ ಒಂದ ಕಾಳ ಎತ್ತರ, ನಿಮ್ಮ ಅಜ್ಜಾರ ಹೇಳಿದಂಗ ಮಾಡೇನಿ ಅಂತ ಹೇಳ. ಪ್ರತಿ ವರ್ಷ ಇದ ಹುಕುಂ ಅವರದು, ಮಲ್ಲಿಕಸಾಬ, ಒಂದ ಕಾಳ ಏರಸು, ಒಂದ ಕಾಳ. ಎಷ್ಟ ಜೀವಪ್ಪಾ ಅವರದ ನಿನ್ನ ಮ್ಯಾಲ, ಹುಡುಗನ ಕಾಲ ನೋಯಬಾರ್ದ ಅಂತ.

ಆ ಹೊತ್ತಿಗೆ ಏನೂ ಅನ್ನಿಸಲಿಲ್ಲ, ಅದೇ ಆಶ್ಚರ್ಯ, ಹೌದಾ ಕಾಕಾ ಎಂದ, ನಕ್ಕ ಕೂಡ, ಸಿಪ್ಪೆಯ ಬೇವಿನ ವಾಸನೆ ಮೂಗಿಗೆ ಚೆನ್ನಾಗಿ ಹೊಡೆಯುತ್ತಿತ್ತು, ಮಲ್ಲಿಕಸಾಬ ಬೀಡಿ ಹಚ್ಚಿ ಇನ್ನೊಂದು ಮಾತು ಸೇರಿಸಿದ, ಅದೂ ಒಳ್ಳೆಯ ಮನಸ್ಸಿನಿಂದಲೇ, ನಾ ಒಮ್ಮೆ ಕೇಳಿದೆ, ಅಜ್ಜಾರ, ಹಲಗಿ ಏರಸಿಗೋತ ಹೋದ್ರ ಹಿಮ್ಮಡ ನೆಲಾ ಮುಟ್ಟೂದ ಯಾವಾಗ್ರಿ, ಅಂತ. ನಕ್ಕರು. ಇವನೊಬ್ಬ ಇರಲಿ ಮಲ್ಲಿಕಸಾಬ, ಅಂದ್ರು, ಇವನೂ ಹೋದ್ರ ನನಗ ನೀರ ಕಾಸವ್ರ ಯಾರು. ಚಾಷ್ಟಿ ಮಾಡಿದ್ರು ನೋಡ, ದೊಡ್ಡವ್ರು. ಬಸಗೊಂಡನ ಕೈ ಹಲಗೆಯ ಕಡೆ ಹೋಯಿತು, ಆದರೆ ಎತ್ತಿಕೊಂಡದ್ದು ಮೊದಲು ಆ ಕಾಳನ್ನು, ಯಾಕೋ ತಿಳಿಯದು, ಧೋತರದ ಚುಂಗಿಗೆ ಗಂಟು ಹಾಕಿಕೊಂಡ, ಮಲ್ಲಿಕಸಾಬ ನೋಡಿ, ಅದನ್ಯಾಕ ಒಯ್ತೀ, ಮೊರದ ತುಂಬ ಅದಾವ ಎಂದು ಮತ್ತೆ ನಕ್ಕ. ಎಳ್ಳು ಸಜ್ಜಿಯ ಮನೆಗೆ ಹೋಗುವುದೇ ಮರೆತುಹೋಯಿತು, ಹಲಗೆ ಕಂಕುಳಲ್ಲಿ, ಮೋಟಾರಿನಲ್ಲಿ, ಕಿಟಕಿಯ ಆಚೆ ಹೊಲಗಳು, ಹಾಲುಗಾಳಿನ ಜೋಳ, ಒಂದು ತೆನೆಯಲ್ಲಿ ಎಷ್ಟು ಕಾಳು, ಒಂದು ಹೊಲದಲ್ಲಿ ಎಷ್ಟು, ಎಲ್ಲವೂ ತನ್ನ ಹಿಮ್ಮಡಿಯ ಕೆಳಗೆ ಬಂದು ಸೇರಿ ಅವನನ್ನು ಎತ್ತುತ್ತಿದ್ದಂತೆ, ಮೇಲಕ್ಕೆ, ನೆಲದಿಂದ ದೂರ. ಟೊರವಿ ದಾಟಿದ ಮೇಲೆ ಎಲ್ಲೋ ಒಂದು ಕಡೆ ಅದು ಎದೆಗೆ ಇಳಿಯಿತು. ಪಕ್ಕದಲ್ಲಿ ಕೂತ ಮುದುಕಿ, ಯಾಕ ತಮ್ಮಾ, ಮೋಟಾರ ಆಗಿಬರೂದಿಲ್ಲೇನ ನಿನಗ, ಎಂದು ಒಂದು ಲಿಂಬಿಹಣ್ಣು ಕೊಟ್ಟಳು.

ಹಗುರಾತ್ರಿ ಅಜ್ಜಾರ, ಈ ವರ್ಷ ಭಾಳ ಹಗುರಾತ್ರಿ — ಇದನ್ನು ಎಷ್ಟು ಸಂಕ್ರಮಣಗಳಲ್ಲಿ ಹೇಳಿದ್ದಾನೆ, ಹೊಸ ಹಲಗೆಯ ಮೇಲೆ ಕೂತೊಡನೆ, ಮಗುವಿನಂತೆ ಹಿಗ್ಗಿ, ನೋವಿಲ್ಲ, ಎಳೆತವಿಲ್ಲ, ಬಾಗಾಕತ್ತೇತ್ರಿ ನನ್ನ ಕಾಲು, ಮತ್ತು ಅಜ್ಜಾರು ಹಿಂದೆ ನಿಂತು, ಹೌದಪ್ಪಾ ಹೌದು, ಬಾಗಾಕತ್ತೇತಿ, ಅವಸರ ಮಾಡಬ್ಯಾಡ ಎಂದು ತಲೆ ಸವರಿದ್ದಾರೆ, ಆ ಬೆರಳು ಈಗಲೂ ನೆತ್ತಿಯ ಮೇಲಿದೆ, ಕಿತ್ತುಹಾಕಲು ಬರುವುದಿಲ್ಲ — ಹಲಗೆ ಏರಿದರೆ ಹಗುರಾಗದೇ ಇನ್ನೇನು, ಇಷ್ಟು ಹೊಳೆಯಲಿಲ್ಲವಲ್ಲ ಮೂರ್ಖಾ ನಿನಗೆ, ಜೋಳದ ಕಾಳಿನಷ್ಟು ಎತ್ತರವನ್ನು ಸಂತೋಷ ಎಂದು ತಿಳಿದೆ, ನಿನ್ನ ನರ ಕುಗ್ಗುತ್ತಿದ್ದುದನ್ನು ಸಿದ್ಧಿ ಎಂದು ತಿಳಿದೆ. ಉಸರ ಹಿಡೀಬ್ಯಾಡ್ರಿ, ಸರಾಗ ಬಿಡ್ರಿ, ಎನ್ನುತ್ತಿದ್ದಾರೆ ಹಿಂದಿನಿಂದ, ಹೊಟ್ಟಿ ಒತ್ತಿದಾಗ ಉಸರ ಬೆನ್ನಿಗೆ ಹೋಗತೈತಿ, ಬೆನ್ನ ಅಗಲ ಆಗ್ಲಿ, ಗದ್ದಾ ಸಡಿಲ ಬಿಡ್ರಿ. ಬಸಗೊಂಡನ ಬೆನ್ನು ಅಗಲವಾಗುತ್ತದೆ, ಗದ್ದ ಸಡಿಲವಾಗುತ್ತದೆ, ಮೈ ಇನ್ನೂ ಅವರ ಮಾತು ಕೇಳುತ್ತಿದೆ, ಮೈಗೆ ಯಾರೂ ಸುದ್ದಿ ಹೇಳಿಲ್ಲ.

ಆದರೆ ಒಮ್ಮೆ ಮುಟ್ಟಿತ್ತು. ಅದು ಮುಟ್ಟಿತ್ತು, ಮುಟ್ಟಿತ್ತು, ಈಗ ಗೊತ್ತಾಗುತ್ತಿದೆ, ಬಂದ ಮೊದಲ ವರ್ಷವೇ, ಕಾಲು ಒಣಗಿದ ಬೆತ್ತದಂತೆ ಇದ್ದರೂ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ತಿಕ್ಕಿ, ತೆಳ್ಳನೆಯ ಹಲಗೆಯ ಮೇಲೆ ಕೂತು, ಹಲ್ಲು ಕಚ್ಚಿ, ಒಂದು ದಿನ ಯಾರೂ ಇಲ್ಲದಾಗ ಹಲಗೆಯಿಂದ ಕೆಳಗೆ ಜಾರಿ ಕೂತ, ಮುಂದೆ ಬಾಗಿದ, ಕೈ ಹೆಣೆದ, ಆಗ ಎಡ ಹಿಮ್ಮಡಿಗೆ ಏನೋ ತಣ್ಣಗೆ ತಗುಲಿತು, ನೆಲ, ನೆಲವಲ್ಲದೆ ಇನ್ನೇನು, ಗಾಡಿ ಮಗುಚಿದಂದಿನಿಂದ ಅದು ಕಂಡಿರದ ತಣ್ಣನೆಯ ನೆಲ, ಅಜ್ಜಾರ, ಮುಟ್ಟಿತ್ರಿ, ಬರ್ರಿ, ಮುಟ್ಟಿತ್ರಿ, ಎಂದು ಕೂಗಿದ. ಅವರು ಬಂದರು. ಹಿಂದೆ ನಿಂತರು. ಬೇವಿನ ಗಿಡದಲ್ಲಿ ಗುಬ್ಬಿ ಕೂಗುತ್ತಿದ್ದವು, ಕೊನೆಗೆ, ಇಲ್ಲ ಬಸಗೊಂಡ, ಎಂದರು, ಒಂದ ಕಾಳಿನಷ್ಟ ಉಳದೈತಿ, ನಿನಗ ಮುಟ್ಟಿದಂಗ ಅನಸತೈತಿ, ಅದು ಭ್ರಮಿ, ಹಲಗಿ ಬಿಟ್ಟ ಕುಂದ್ರಬ್ಯಾಡ ಇನ್ನ, ನರಾ ಹಿಡದ್ರ ಜಲ್ಮಕ್ಕ ಕುಂಟ ಆಕ್ಕಿ. ಅವನು ನಂಬಿದ, ತನ್ನ ಚರ್ಮ ಹೇಳಿದ್ದನ್ನು ಬಿಟ್ಟು ಅವರು ಹೇಳಿದ್ದನ್ನು, ತಣ್ಣಗಿದ್ದದ್ದನ್ನು ತಣ್ಣಗಿಲ್ಲ ಎಂದು. ಅದೇ ಸಂಕ್ರಮಣಕ್ಕೆ ಹೊಸ ಹಲಗೆ ಬಂತು, ಆಮೇಲೆ ಹಿಮ್ಮಡಿ ನೆಲವನ್ನು ಕಂಡಿಲ್ಲ.

ಆ ಒಂದು ಕಾಳಿಗೆ ಬೋರವ್ವ ಹೋದಳು. ಬಿಜ್ಜರಗಿಯ ಸೋದರಮಾವನ ಮಗಳು, ಕಣದಲ್ಲಿ ಜೋಳ ಹಸನು ಮಾಡುತ್ತ ಕೂತವಳು, ಹಸಿರು ಸೀರೆಯ ಕಚ್ಚೆ ಬಿಗಿದು, ಮೊರ ಎತ್ತಿ ಎತ್ತಿ ಕೇರುವಾಗಲೂ ಆ ಹಿಮ್ಮಡಿಗಳು ಅಲುಗುತ್ತಿರಲಿಲ್ಲ, ಬೆಳ್ಳಿ ಕಾಲ್ಗಡಗ ಮಣ್ಣಿಗೆ ತಾಗಿ ಕೂತಿರುತ್ತಿತ್ತು, ಅವಳಿಗೆ ಯಾವ ಗುರುವೂ ಇರಲಿಲ್ಲ. ನಿಂತ ಯಾಕ ಮಾತಾಡ್ತಿ, ಕುತಗಿ ನೋಯತೈತಿ ನಂದು, ಕುಂದ್ರಲ್ಲಾ, ಎಂದವಳು, ಆಮೇಲೆ ನೆನಪಾಗಿ ತುಟಿ ಕಚ್ಚಿಕೊಂಡು ತಾನೇ ಎದ್ದು ನಿಂತವಳು, ಅವಳು ಹಾಗೆ ಎದ್ದದ್ದಕ್ಕೇ ಅವನು ಅವಳನ್ನು ಮನಸ್ಸಿನಲ್ಲಿ ಲಗ್ನವಾದ. ಬರೂ ಸಂಕ್ರಮಣಕ್ಕ ಹಾರ ಬೀಳತೈತಿ, ತಡಿ, ಎಂದ, ತಡೆದಳು, ಮತ್ತೆ ತಡಿ ಎಂದ, ತಡೆದಳು, ನಿಮ್ಮ ಅಜ್ಜಾರ ನಿನ್ನ ಹಿಮ್ಮಡ ಬಾಗಸಾಕತ್ತಾರೋ ನನ್ನ ಕೂದಲಾ ಬೆಳ್ಳಗ ಮಾಡಾಕತ್ತಾರೋ, ಎಂದು ನಕ್ಕಳು ಒಮ್ಮೆ, ನಗುವಾಗ ಕಣ್ಣು ನಗಲಿಲ್ಲ. ಮಾವ ತಾನೇ ಇಲ್ಲಿಗೆ ಬಂದ, ಇದೇ ಪಡಸಾಲೆಯಲ್ಲಿ, ಅಜ್ಜಾರ, ಹುಡುಗಿ ವಯಸ್ಸ ಮೀರಾಕತ್ತೇತ್ರಿ, ಒಂದ ಮಾತ ಹೇಳ್ರಿ, ಎಂದು ಕೈಮುಗಿದ, ಅಜ್ಜಾರು ಕಣ್ಣು ಮುಚ್ಚಿ, ಒಂದ ಕಾಳಿನಷ್ಟ ಉಳದೈತ್ರಿ, ಇನ್ನೊಂದ ವರ್ಷ ಅಂದ್ರ ಆತು, ಎಂದರು. ಮಾವ ಹೋಗಿ ಅವಳನ್ನು ಇಟ್ಟಂಗಿಹಾಳಕ್ಕೆ ಕೊಟ್ಟುಬಿಟ್ಟ. ಈಗ ಅವಳು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಸೋಮವಾರದ ಸಂತೆಗೆ ಬರುತ್ತಾಳೆ, ಅವನು ಕಂಡರೆ ಕೂತಲ್ಲಿಂದ ಎದ್ದು ನಿಲ್ಲುತ್ತಾಳೆ, ಈಗಲೂ.

ಕಾಲು ಜುಮ್ಮೆನ್ನುತ್ತಿದೆ, ಕಾಳು ಚುಚ್ಚುತ್ತಿದೆ, ಒಳ್ಳೆಯದೇ. ಅವ್ವ ಹೋದಾಗಲೂ ಹೀಗೇ ಕಾಲು ಜುಮ್ಮೆಂದಿತ್ತು, ಬಬಲೇಶ್ವರದ ಹೊಲದಲ್ಲಿ, ಕುಣಿಯ ಸುತ್ತ ಎಲ್ಲರೂ ಕುಕ್ಕರಗಾಲಲ್ಲಿ ಕೂತು ಹಿಡಿ ಮಣ್ಣು, ವಿಭೂತಿ ಹಾಕುತ್ತಿದ್ದಾರೆ, ಮಗ ಮಾತ್ರ ನಿಂತಿದ್ದ, ಕೂತರೆ ಉರುಳಿ ಕುಣಿಗೆ ಬಿದ್ದಾನೆಂದು ಯಾರೋ ರಟ್ಟೆ ಹಿಡಿದಿದ್ದರು, ಮೇಲಿನಿಂದಲೇ ಮಣ್ಣು ಚೆಲ್ಲಿದ, ದನಕ್ಕೆ ಹೊಟ್ಟು ಚೆಲ್ಲಿದ ಹಾಗೆ, ಅವ್ವನ ಮುಖದ ಹತ್ತಿರಕ್ಕೆ ಅವನ ಕೈ ಇಳಿಯಲಿಲ್ಲ. ಅಜ್ಜಾರೂ ಬಂದಿದ್ದರು ಅವತ್ತು, ಅಳುತ್ತಿದ್ದರು, ನಿಜವಾಗಿ ಅಳುತ್ತಿದ್ದರು, ಅದೇ ಅರ್ಥವಾಗದು, ಸುಳ್ಳು ಹೇಳುವವರು ಅಳುವುದೂ ಸುಳ್ಳಾಗಿದ್ದರೆ ಎಷ್ಟು ಹಗುರವಿತ್ತು, ಇನ್ನ ಮ್ಯಾಲ ನಿನಗ ತಾಯೀನೂ ನಾನ, ತಂದೀನೂ ನಾನ, ಎಂದು ಅಪ್ಪಿಕೊಂಡರು, ಅವರ ಹೆಗಲಿನ ವಿಭೂತಿ ಇವನ ಗಲ್ಲಕ್ಕೆ ಹತ್ತಿತು. ಪ್ಲೇಗಿನಂಥ ಜ್ವರ ಬಂದು ಮಲಗಿದಾಗ ಇವನೇ ಅವರ ಹೇಲು ಉಚ್ಚೆ ಬಳಿದಿದ್ದ, ಕಾಲು ಒತ್ತುವಾಗ ಅವರು ಹೇಳುತ್ತಿದ್ದ ಕತೆಯೂ ಒಂದೇ, ಇವನಿಗಿಂತ ಮುಂಚಿನ ಶಿಷ್ಯ ಶಿವಶರಣಪ್ಪನದು, ಹಾರ ಹಾಕಿದ ದಿನಾನ ಸೊಲ್ಲಾಪುರದ ಗಾಡಿ ಹತ್ತ್ಯಾನ ನೋಡ ಅವ, ತಿರಗಿ ಒಮ್ಮೆ ಬಂದಿಲ್ಲ, ಬದಕೀನೋ ಸತ್ತೀನೋ ಕೇಳಿಲ್ಲ, ಮಗನಂಗ ಸಾಕಿದ್ದೆ, ನೀ ಹಂಗ ಮಾಡಬ್ಯಾಡಪ್ಪಾ. ಇಲ್ರಿ ಅಜ್ಜಾರ, ನಾ ಬಿಟ್ಟ ಹೋಗಂಗಿಲ್ರಿ, ಎಂದು ಮಾತು ಕೊಟ್ಟು ಇನ್ನಷ್ಟು ಒತ್ತುತ್ತಿದ್ದ. ಕೇಳಿದ್ದರೆ ಇರುತ್ತಿದ್ದನಲ್ಲ, ಒಮ್ಮೆ ಬಾಯಿ ಬಿಟ್ಟು, ಬಸಗೊಂಡ ನನಗ ಯಾರೂ ಇಲ್ಲ ಇರು ಎಂದಿದ್ದರೆ, ಬೋರವ್ವನನ್ನೂ ಇಲ್ಲಿಗೇ ಕರೆತಂದು ಇದೇ ಓಣಿಯಲ್ಲಿ ಮನೆ ಮಾಡಿ ಇಬ್ಬರೂ ಸೇರಿ ನೀರು ಕಾಸುತ್ತಿದ್ದರಲ್ಲ — ಕಾಲನ್ನೇ ಕದಿಯಬೇಕಾಗಿತ್ತೇ.

ನಸುಕಿನಲ್ಲಿ ಬಚ್ಚಲೊಲೆಯ ಮುಂದೆ ಎರಡನ್ನೂ ಪಕ್ಕಪಕ್ಕ ಇಟ್ಟ, ಹಳೆಯದು, ಹೊಸದು, ಮೊದಲ ಸಲ ಅವು ಒಂದನ್ನೊಂದು ನೋಡಿದವು, ಒಲೆಯ ಬೆಳಕಿನಲ್ಲಿ ಹೊಸದರ ಅಂಚು ಹಳೆಯದಕ್ಕಿಂತ ಸ್ವಲ್ಪ ಎದ್ದು ನಿಂತಿತ್ತು, ಚುಂಗಿನ ಗಂಟು ಬಿಚ್ಚಿ ಕಾಳನ್ನು ಹಳೆಯ ಹಲಗೆಯ ಮೇಲಿಟ್ಟ, ಬೆರಳಾಡಿಸಿದ, ಸಮ, ಸರಿಯಾಗಿ ಸಮ, ಮಲ್ಲಿಕಸಾಬ ಕಾಕಾನ ಕೈ ಸುಳ್ಳು ಹೇಳುವುದಿಲ್ಲ. ಅಲ್ಲೇ ಕೂತು ಅಳಬೇಕೆಂದರೆ ಕೂಡಲು ಬರುವುದಿಲ್ಲ, ನಿಂತೇ ಅತ್ತ. ಬಸಗೊಂಡ, ಹಳೀ ಹಲಗಿ ಒಲಿಗಿ ಇಟ್ಟಿಯೇನ, ಎಂದು ಒಳಗಿನಿಂದ ಕೇಳಿದರು, ಇಟ್ಟೇನ್ರಿ ಅಜ್ಜಾರ, ಎಂದ, ಅವನು ಅವರಿಗೆ ಹೇಳಿದ ಮೊದಲ ಸುಳ್ಳು, ಅಷ್ಟು ಸಲೀಸಾಗಿ ಬಂತು, ಹತ್ತಿಯ ಕಟ್ಟಿಗೆಯಲ್ಲೇ ನೀರು ಕಾಯಿತು, ಮನೆಯಲ್ಲಿ ಉಳಿದಿದ್ದ ಹಿಡಿ ಎಳ್ಳು ಹಚ್ಚಿ ಬೆನ್ನು ತಿಕ್ಕಿದ, ನೀರು ಇವತ್ತ ಛಲೋ ಕಾದೈತಿ, ಬೇವಿನ ಗುಣಾ ನೋಡ, ಎಂದರು ಮುದುಕರು ಕಣ್ಣು ಮುಚ್ಚಿ. ಹಳೆಯ ಹಲಗೆಯನ್ನು ತಂದು ತಾನು ಕೂಡುವ ಜಾಗದ ಹಿಂದೆ ಗೋಡೆಯ ಬುಡಕ್ಕೆ ಮಲಗಿಸಿ ಮೇಲೆ ತನ್ನ ಹೆಗಲ ವಲ್ಲಿ ಹೊದಿಸಿದ, ಕಾಳನ್ನು, ಅದೇ ಕಾಳನ್ನು, ಚಳಿಗೆ ಒಡೆದ ಎಡ ಹಿಮ್ಮಡಿಯ ಬಿರುಕಿನಲ್ಲಿ ಒತ್ತಿ ಕೂಡಿಸಿದ. ಕೆಳಗೆ ಏನಾದರೂ ತಗುಲಿದರೆ ಚುಚ್ಚುತ್ತದೆ, ತಗುಲದಿದ್ದರೆ ಇಲ್ಲ, ಇನ್ನು ಮುಂದೆ ಅವನ ಹಿಮ್ಮಡಿಗೆ ಅದೇ ಕಣ್ಣು.

ಅಜ್ಜಾರ ಹೆಜ್ಜೆ ಸಾಲಿನ ಆಚೆ ತುದಿಗೆ ಹೋಗಿ ತಿರುಗಿತು, ಕಾಲಿನ ಮರದ ಆವಿಗೆಯ ಸದ್ದು, ಎಲ್ಲಾರೂ ತಲಿ ಕೆಳಗ, ಕಣ್ಣ ಮುಚ್ಚಿರ್ರಿ, ಯಾರೂ ಮ್ಯಾಲ ನೋಡಬ್ಯಾಡ್ರಿ, ಹೌದು, ಯಾರೂ ನೋಡಬೇಡಿ, ಸ್ಟೇಷನ್ನಿನ ಕಡೆ ಗಾಡಿಯೊಂದು ಸಿಳ್ಳೆ ಹಾಕುತ್ತಿದೆ, ಆವಿಗೆ ಹತ್ತಿರ ಬಂತು, ಹಿಂದೆ ನಿಂತಿತು, ಬೆನ್ನ ಮೇಲೆ ಅಂಗೈ, ಬೆಚ್ಚಗಿದೆ, ಎಳ್ಳಿನ ವಾಸನೆ, ಹಗುರ ಆತೇನ ಈ ವರ್ಷ, ಎಂದರು ಪಿಸುದನಿಯಲ್ಲಿ, ಎಂದಿನಂತೆ, ಅವರು ಕೇಳಬಾರದಿತ್ತು, ಅದೊಂದನ್ನು ಕೇಳಬಾರದಿತ್ತು — ಬಸಗೊಂಡ ಮೈಯ ಭಾರವನ್ನೆಲ್ಲ ಹೆಬ್ಬೆರಳಿಗೆ ತಂದು ಹಿಮ್ಮಡಿ ಎತ್ತಿ ಹಲಗೆಯನ್ನು ಹಿಂದಕ್ಕೆ ಒದ್ದ, ಅದು ನೆಲ ಸವರುತ್ತಾ ಹೋಗಿ ವಲ್ಲಿಯನ್ನು ತಳ್ಳಿಕೊಂಡು ಹಳೆಯದಕ್ಕೆ ಬಡಿಯಿತು, ಮರಕ್ಕೆ ಮರ, ಬೆನ್ನ ಮೇಲಿನ ಅಂಗೈ ಅಲ್ಲೇ ಕಲ್ಲಾಯಿತು. ನೋಡುತ್ತಿದ್ದಾರೆ, ಅವನಿಗೆ ಕಾಣದಿದ್ದರೂ ಗೊತ್ತು, ಎರಡೂ ಹಲಗೆ ಪಕ್ಕಪಕ್ಕ ಬಿದ್ದಿರುವುದನ್ನು ನೋಡುತ್ತಿದ್ದಾರೆ, ಆಮೇಲೆ ಅವನ ಹಿಮ್ಮಡಿಯನ್ನು. ಕೈ ಬಿಗಿಯಾಗಿ ಹೆಣೆದುಕೊಂಡು ಅವನು ಇಳಿದ, ಇಳಿದ, ಬಲ ಹಿಮ್ಮಡಿ ಕಿರುಗುಟ್ಟುತ್ತ ಹೋಗಿ ನೆಲಕ್ಕೆ ಕೂತಿತು, ತಣ್ಣಗೆ, ಸೆಗಣಿ ಸಾರಿಸಿದ ತಣ್ಣನೆಯ ನೆಲ, ಎಡದ ಹಿಂಬದಿಯಲ್ಲಿ ನರ ಹರಿಯುವಂತೆ ಎಳೆಯಿತು, ಇನ್ನೂ ಒತ್ತಿದ, ಕಣ್ಣಲ್ಲಿ ನೀರು ಬಂತು, ಇನ್ನೂ. ಅಜ್ಜಾರ, ಮುಟ್ಟೇತೇನ್ರಿ, ಎಂದ ನೆಲಕ್ಕೆ ಬಾಯಿ ಹಚ್ಚಿ.

ಅಂದಿನ ಹಾಗೆಯೇ ಗುಬ್ಬಿಗಳು ಕೂಗುತ್ತಿವೆ, ಆವಿಗೆಯ ಸದ್ದು ಗೂಟದ ಕಡೆ ಹೋಯಿತು, ಬಂತು, ಮುದುಕರು ಕಿವಿಯ ಹತ್ತಿರ ಬಾಗಿದರು. ಮುಟ್ಟೇತಿ, ಎಂದರು, ಬಸಗೊಂಡ, ಮುಟ್ಟೇತಪ್ಪಾ, ಖರೇನ ಮುಟ್ಟೇತಿ, ಎದ್ದ ನೋಡ್ರಿ ಎಲ್ಲಾರೂ, ನಮ್ಮ ಬಸಗೊಂಡಗ ಹಾರ ಬಿತ್ತು — ಕೊರಳಿಗೆ ಚೆಂಡುಹೂವು ಬಿತ್ತು, ಒದ್ದೆಯಾಗಿ, ಭಾರವಾಗಿ, ತಾನೇ ಪೋಣಿಸಿದ್ದು, ಅಂಗಡಿಕಾರರು ತಲೆ ಎತ್ತುತ್ತಿದ್ದಾರೆ, ಯಾರೋ ಚಪ್ಪಾಳೆ ಹೊಡೆದರು, ಭಲೇ ಹಲಗಿ ಬಸಗೊಂಡ, ಅಜ್ಜಾರು ಅಳುತ್ತಿದ್ದಾರೆ, ಹೋಗಪ್ಪಾ, ಇನ್ನ ನಿಮ್ಮೂರಿಗಿ ಹೋಗ, ಎನ್ನುತ್ತಿದ್ದಾರೆ, ಬಲ ಹಿಮ್ಮಡಿಯ ಕೆಳಗೆ ನೆಲ ತಣ್ಣಗಿದೆ, ಎಡದ ಕೆಳಗೆ ತಣ್ಣಗಿಲ್ಲ, ಬೆಚ್ಚಗೂ ಇಲ್ಲ, ಗಾಳಿ, ಅವನು ಇನ್ನೊಮ್ಮೆ ಒತ್ತಿ ನೋಡಿದ, ಕಾಳು ಬಿದ್ದುಹೋಗಿದೆಯೇ, ಇಲ್ಲ, ಬಿರುಕಿನಲ್ಲೇ ಇದೆ, ಇರುವುದು ತಿಳಿಯುತ್ತಿದೆ, ಬಿಳಿಜೋಳದ ಒಂದು ಕಾಳು, ದುಂಡಗೆ, ಹಿಮ್ಮಡಿಗೂ ನೆಲಕ್ಕೂ ನಡುವೆ, ಕಾಳು, ಚುಚ್ಚುತ್ತಿಲ್ಲ.